ತಜ್ಞರ ಉತ್ತರ: ಮನೆಯವರನ್ನು ಕಳೆದುಕೊಂಡವರಿಗಾಗಿ ಚರ್ಚಿನಲ್ಲಿ ಒಂದು ಕೂಟ, ನಡೆಸೋದು ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಚರ್ಚು. ಎರಡು ವರ್ಷದಿಂದ ಸಾವುಗಳು ಜಾಸ್ತಿ ಆಗಿವೆ. ಅದಕ್ಕೇ ಮಹಿಳಾ ಸಂಘದವರು ಸೇರಿ ತಿಂಗಳಿಗೊಂದು ಸಾಂತ್ವನ ಕೂಟ ಶುರು ಮಾಡಿದೆವು. ಮೊದಲ ಕೂಟಕ್ಕೆ ಇಪ್ಪತ್ತೈದು ಜನ ಬಂದರು. ಹಾಡು, ಬೈಬಲ್ ವಾಕ್ಯ, ದೇವರು ತಮಗೆ ಮಾಡಿದ್ದನ್ನು ಹೇಳುವ ಮೂವರ ಸಾಕ್ಷಿ, ಪ್ರಾರ್ಥನೆ ಎಲ್ಲಾ ಚೆನ್ನಾಗಿ ನಡೆಯಿತು. ಆದರೆ ನಾಲ್ಕು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡ ಒಬ್ಬರು ಸಾಕ್ಷಿಯ ಮಧ್ಯೆಯೇ ಎದ್ದು ಹೋದರು. ಆಮೇಲೆ ಚರ್ಚಿಗೂ ಬರುತ್ತಿಲ್ಲ. ‘ನಂಗೆ ಪ್ರಾರ್ಥನೆ ಬರ್ತಿಲ್ಲ, ದೇವರ ಹೆಸರು ಕೇಳಿದ್ರೇ ಸಿಟ್ಟು ಬರುತ್ತೆ’ ಎನ್ನುತ್ತಾರೆ. ಎರಡನೇ ಕೂಟಕ್ಕೆ ಬಂದವರು ಆರೇ ಜನ. ನಾವು ಎಲ್ಲಿ ಎಡವಿದೆವು? ಅವರ ನಂಬಿಕೆ ಮತ್ತೆ ಗಟ್ಟಿಯಾಗಲು ಏನು ಮಾಡಬೇಕು? ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ಆರೇ ಜನ ಬಂದರು ಅಂತ ಬೇಜಾರು ಬೇಡ. ಇಂಥ ಕೂಟಕ್ಕೆ ಆರು ಒಳ್ಳೆಯ ಸಂಖ್ಯೆ. ಇಪ್ಪತ್ತೈದು ಜನ ಸೇರಿದರೆ ಅದು ಸಭೆ. ಸಭೆಯಲ್ಲಿ ಮೈಕ್ ಬರುತ್ತದೆ, ಕಾರ್ಯಕ್ರಮದ ಪಟ್ಟಿ ಬರುತ್ತದೆ, ವಂದನಾರ್ಪಣೆಯೂ ಬಂದೇ ಬರುತ್ತದೆ. ಅಳುವವರಿಗೆ ಅಲ್ಲಿ ಜಾಗ ಇರೋದಿಲ್ಲ.

ಆ ತಾಯಿ ಎದ್ದು ಹೋದದ್ದರ ಬಗ್ಗೆ ಮೊದಲು ಮಾತಾಡೋಣ. ಸಾಕ್ಷಿಯಲ್ಲಿ ಏನು ಹೇಳಿದರು ಅಂತ ನೀವು ಬರೆದಿಲ್ಲ. ಆದರೆ ಸಾಕ್ಷಿಗಳ ದಾರಿ ನಮಗೆಲ್ಲ ಗೊತ್ತಲ್ವಾ? ಕಷ್ಟ ಬಂತು, ಪ್ರಾರ್ಥನೆ ಮಾಡಿದೆವು, ದೇವರು ಬಿಡಿಸಿದರು. ‘ಡಾಕ್ಟರೇ ಕೈಬಿಟ್ಟಿದ್ದರು, ಸಭೆಯವರೆಲ್ಲ ಉಪವಾಸ ಮಾಡಿದರು, ನಮ್ಮ ಯಜಮಾನರು ಎದ್ದು ಬಂದರು’ ಅಂತ ಒಬ್ಬರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಎದುರಿನ ಬೆಂಚಿನಲ್ಲಿ ಕೂತ ಈ ಹೆಂಗಸೂ ಪ್ರಾರ್ಥನೆ ಮಾಡಿದ್ದರು. ಅವರ ಗಂಡನಿಗಾಗಿಯೂ ಸಭೆ ಮೊಣಕಾಲೂರಿತ್ತು. ಅವರ ಗಂಡ ಎದ್ದು ಬರಲಿಲ್ಲ. ಆ ಸಾಕ್ಷಿ ಅವರ ಕಿವಿಗೆ ಬೀಳುವುದು ಒಂದೇ ರೀತಿ: ನಿನ್ನ ಪ್ರಾರ್ಥನೆಯಲ್ಲೇ ಏನೋ ಕಮ್ಮಿ ಇತ್ತು. ಎದ್ದು ಹೋಗದೆ ಏನು ಮಾಡಬೇಕಿತ್ತು ಹೇಳಿ.

ಸಾಕ್ಷಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಭಾನುವಾರ ಅದಕ್ಕೆ ಜಾಗ ಇದೆ. ಈ ಕೂಟದಲ್ಲಿ ಬೇಡ.

ಎರಡನೆಯದು ಸಿಟ್ಟು. ನಿಮಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಇದೇ ಅನ್ನಿಸುತ್ತದೆ. ಬೈಬಲಿನ ಯೋಬನ ಪುಸ್ತಕವನ್ನು ಇನ್ನೊಮ್ಮೆ ಓದಿ. ‘ಯೋಬನ ತಾಳ್ಮೆ’ ಅಂತ ನಾವು ಹೇಳುತ್ತಾ ಬಂದಿರುವ ಪುಸ್ತಕದಲ್ಲಿ ಬಹುಪಾಲು ಇರೋದು ತಾಳ್ಮೆ ಅಲ್ಲ, ಜಗಳ. ಹತ್ತೂ ಮಕ್ಕಳನ್ನು ಕಳೆದುಕೊಂಡ ಮನುಷ್ಯ, ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರನ್ನು ನ್ಯಾಯಕ್ಕೆ ಕರೆಯುತ್ತಾನೆ. ಮೂವರು ಗೆಳೆಯರು ದೂರದಿಂದ ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಒಂದು ಮಾತೂ ಆಡೋದಿಲ್ಲ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಎಂಟನೇ ದಿನದಿಂದ ಬಾಯಿ ಬಿಡುತ್ತಾರೆ, ಕೆಟ್ಟಿತು. ದೇವರು ನ್ಯಾಯವಂತ, ನಿನ್ನ ಕಡೆಯೇ ಏನೋ ತಪ್ಪಿರಬೇಕು, ಪಶ್ಚಾತ್ತಾಪ ಪಡು. ಎಲ್ಲವೂ ದೇವರ ಪರವಾದ ಮಾತುಗಳೇ. ಕೊನೆಯ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಕೋಪಗೊಂಡರು? ತನ್ನ ಪರ ವಾದ ಮಾಡಿದವರ ಮೇಲೆ. ನೀವು ನನ್ನ ವಿಷಯವಾಗಿ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾರೆ. ಜಗಳ ಆಡಿದವನನ್ನು ಒಪ್ಪಿಕೊಳ್ಳುತ್ತಾರೆ.

ಬೈಬಲಿನ ಕೀರ್ತನೆಗಳೂ ಹಾಗೇ. 150ರಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲೇ. 13ನೇ ಕೀರ್ತನೆ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ‘ಇನ್ನೂ ಎಷ್ಟು ಕಾಲ’ ಅಂತ ಕೇಳುತ್ತದೆ. 88ನೆಯದಂತೂ ಕತ್ತಲಿನಲ್ಲೇ ಮುಗಿದುಹೋಗುತ್ತದೆ. ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಅದನ್ನು ನಾವು ಚರ್ಚಿನಲ್ಲಿ ಎಷ್ಟು ಸಲ ಓದಿದ್ದೇವೆ? ಆ ತಾಯಿಗೆ ಬರುತ್ತಿರುವ ಸಿಟ್ಟಿಗೆ ಬೈಬಲಿನಲ್ಲೇ ಮಾತುಗಳಿವೆ. ಆ ಪುಟಗಳನ್ನು ನಾವೇ ಅವರಿಗೆ ತೋರಿಸಿಲ್ಲ, ಅಷ್ಟೇ. ನಂಬಿಕೆ ಹೋಯಿತು ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣೋದಿಲ್ಲ. ಇಲ್ಲವೇ ಇಲ್ಲ ಅನ್ನಿಸಿದವರ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಹಾಗಾಗಿ ‘ಅವರ ನಂಬಿಕೆ ಗಟ್ಟಿಯಾಗಲು ಏನು ಮಾಡಬೇಕು’ ಅನ್ನೋ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕೂಟದ ಕೆಲಸ ಅದಲ್ಲ. ದುಃಖದಲ್ಲಿರುವವರು ಚೆನ್ನಾಗಿದ್ದೇನೆ ಅಂತ ನಟಿಸಬೇಕಾಗಿಲ್ಲದ ಒಂದು ಜಾಗವನ್ನು ಕಾಯೋದು ಕೂಟದ ಕೆಲಸ. ಉಳಿದದ್ದು ನಿಮ್ಮ ಕೈಯಲ್ಲಿಲ್ಲ.

ಇನ್ನು ಕೂಟ ನಡೆಸುವ ವಿಚಾರ. ಚರ್ಚಿನ ಒಳಗಿಗಿಂತ ಪಕ್ಕದ ಕೋಣೆಯೋ, ಯಾರದಾದರೂ ಮನೆಯ ಜಗಲಿಯೋ ಒಳ್ಳೆಯದು. ಶವಪೆಟ್ಟಿಗೆ ಇಟ್ಟ ಜಾಗದ ಎದುರಿಗೇ ಕೂತು ಮಾತಾಡಿ ಅಂದರೆ ಕೆಲವರಿಗೆ ಆಗೋದಿಲ್ಲ. ಕುರ್ಚಿಗಳನ್ನು ಸುತ್ತ ಹಾಕಿ. ಬಾಗಿಲು ಯಾರಿಗೂ ಅಡ್ಡವಾಗದ ಹಾಗೆ ಇರಲಿ, ಎದ್ದು ಹೋಗಬೇಕು ಅನ್ನಿಸಿದವರು ಯಾರ ಕಾಲನ್ನೂ ದಾಟದೆ ಹೋಗುವಂತಿರಲಿ. ಹೊರಗೆ ಹೋದವರ ಹಿಂದೆ ನಿಮ್ಮಲ್ಲೊಬ್ಬರು ಸುಮ್ನೆ ಹೋಗಿ ಪಕ್ಕದಲ್ಲಿ ನಿಲ್ಲಲಿ, ಕೈಹಿಡಿದು ವಾಪಸ್ ಎಳೆತರೋದು ಬೇಡ. ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಸಂಜೆ ಇಟ್ಟರೆ ನಿಮ್ಮ ಕಡೆ ಮಳೆಗಾಲದಲ್ಲಿ ಕೊನೆಯ ಬಸ್ಸಿನ ಚಿಂತೆಯಲ್ಲೇ ಕೂರುತ್ತಾರೆ. ನಿಜವಾದ ಮಾತು ಬರೋದು ಕೊನೆಯ ಕಾಲು ಗಂಟೆಯಲ್ಲಿ, ಆ ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಶುರುವಿಗೆ ಒಂದು ಕೀರ್ತನೆ. 13 ಆಗಬಹುದು. ಒಬ್ಬರು ನಿಧಾನ ಓದಲಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬರು ಅದನ್ನೇ ಓದಲಿ. ವಿವರಣೆ ಬೇಡ. ಆಮೇಲೆ ಒಬ್ಬೊಬ್ಬರೂ ತಾವು ಕಳೆದುಕೊಂಡವರ ಹೆಸರು ಹೇಳಲಿ. ಬರೀ ಹೆಸರು. ಊರಿನಲ್ಲಿ ಸಾವಾದ ಎರಡು ವಾರಕ್ಕೆ ಎಲ್ಲರೂ ಆ ಹೆಸರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ, ಹೇಳಿದರೆ ಎಲ್ಲಿ ಅಳುತ್ತಾರೋ ಅಂತ. ಹೆಂಡತಿಗೆ, ತಾಯಿಗೆ ಬೇಕಾಗಿರೋದು ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳೋದು. ನಂತರ ಒಂದೇ ಒಂದು ಸಣ್ಣ ಪ್ರಶ್ನೆ ಇಡಿ. ‘ಈ ತಿಂಗಳು ಯಾವ ಹೊತ್ತು ಕಷ್ಟ ಆಯಿತು?’ ಅಂತ ಕೇಳಿದರೆ ಸಾಕು. ಉತ್ತರಗಳು ಎಷ್ಟು ಸಣ್ಣ ಸಣ್ಣ ವಿಷಯದಿಂದ ಬರುತ್ತವೆ ನೋಡಿ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವರು ಬಂದಾಗ ಅವರ ಜೊತೆ ಲೆಕ್ಕ ಮಾತಾಡಲು ಯಾರೂ ಇರಲಿಲ್ಲ. ಬೆಳಿಗ್ಗೆ ಕೈತಪ್ಪಿ ಎರಡು ಲೋಟ ಕಾಫಿ ಬಸಿದೆ. ಫೋನಿನಲ್ಲಿ ಅವರ ನಂಬರ್ ಅಳಿಸೋಕೆ ಆಗ್ತಿಲ್ಲ, ನೋಡೋಕೂ ಆಗ್ತಿಲ್ಲ. ಮಾತಾಡೋಕೆ ಇಷ್ಟ ಇಲ್ಲದವರು ‘ಮುಂದೆ’ ಅಂದರೆ ಸಾಕು. ಇಡೀ ವರ್ಷ ಒಬ್ಬರು ‘ಮುಂದೆ’ ಅಂತಲೇ ಹೇಳುತ್ತಾ ಬಂದರೂ ಅದು ಅವರ ಹಕ್ಕು.

ಯಾರ ಮಾತಿಗೂ ಉತ್ತರ ಕೊಡಬೇಡಿ. ಇದು ನಿಮ್ಮ ಸಂಘದವರಿಗೆ ಅತಿ ಕಷ್ಟದ ನಿಯಮ ಆಗುತ್ತದೆ. ನಮ್ಮ ಬಾಯಿಗೆ ತಾನಾಗಿ ಬರುವ ಮಾತುಗಳಿವೆ: ದೇವರ ಚಿತ್ತ. ಅವರು ಒಳ್ಳೆಯ ಜಾಗದಲ್ಲಿದ್ದಾರೆ. ದೇವರಿಗೆ ಇಷ್ಟವಾದವರನ್ನು ಬೇಗ ಕರೆದುಕೊಳ್ಳುತ್ತಾನೆ. ಮಕ್ಕಳ ಮುಖ ನೋಡಿ ಧೈರ್ಯ ತಗೋ. ಸಮಾಧಾನ ಮಾಡುವ ಆಸೆಯಿಂದಲೇ ಹೇಳುತ್ತೇವೆ, ಅನುಮಾನವಿಲ್ಲ. ಆದರೆ ಗಮನಿಸಿ, ಈ ಮಾತುಗಳು ಬಂದ ತಕ್ಷಣ ಎದುರಿನವರು ತಲೆಯಾಡಿಸಿ ಕಣ್ಣೊರೆಸಿಕೊಳ್ಳುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಸಮಾಧಾನ ಆದದ್ದು ಯಾರಿಗೆ? ಹೇಳಿದವರಿಗೆ. ಬೆಥಾನಿಯದಲ್ಲಿ ತೀರಿಕೊಂಡ ಲಾಜರನ ಅಕ್ಕತಂಗಿಯರು ಮಾರ್ಥ, ಮರಿಯ ಇಬ್ಬರೂ ಯೇಸುವಿಗೆ ಹೇಳಿದ್ದು ಒಂದೇ ದೂರು, ನೀವು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಅಂತ. ಮಾರ್ಥಳ ಜೊತೆ ಯೇಸು ಪುನರುತ್ಥಾನದ ಮಾತಾಡಿದರು, ನಿಜ. ಮರಿಯಳು ಅಳುವುದನ್ನು ಕಂಡಾಗ ಮಾತ್ರ ಪಾಠ ಹೇಳಲಿಲ್ಲ. ಎಲ್ಲಿಟ್ಟಿದ್ದೀರಿ ಅಂತ ಕೇಳಿದರು, ಅತ್ತರು. ಇನ್ನೇನು ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದವರೇ ಅತ್ತರು!

ಕೊನೆಗೆ ಒಂದು ಚಿಕ್ಕ ಪ್ರಾರ್ಥನೆ, ಒಂದು ಲೋಟ ಬಿಸಿ ಕಷಾಯ. ಮುಗಿಯಿತು.

ಒಂದು ಎಚ್ಚರಿಕೆ. ಇಲ್ಲಿ ಕೇಳಿದ್ದು ‘ಪ್ರಾರ್ಥನಾ ವಿಷಯ’ದ ಹೆಸರಲ್ಲಿ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ‘ಇಂಥ ಸಹೋದರಿ ದೇವರ ಮೇಲೆ ಸಿಟ್ಟಾಗಿದ್ದಾರೆ, ಅವರಿಗಾಗಿ ಪ್ರಾರ್ಥಿಸಿ’ ಅಂತ ಒಂದು ಮೆಸೇಜ್ ಹೋದರೆ ನಿಮ್ಮ ಕೂಟ ಅಲ್ಲಿಗೆ ಸತ್ತಿತು ಅಂತಲೇ ತಿಳಿಯಿರಿ. ಫಾದರಿಗೋ ಪಾಸ್ಟರಿಗೋ ಹೇಳಬೇಕಾದರೂ ದುಃಖ ಹೇಳಿಕೊಂಡವರನ್ನೇ ಕೇಳಿ ಹೇಳಿ.

ದುಃಖಕ್ಕೆ ಐದು ಹಂತ ಅಂತ ಸಂಘದವರು ಎಲ್ಲೋ ಓದಿರಬಹುದು: ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಇದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ. ಅದನ್ನು ಉಳಿದವರ ದುಃಖಕ್ಕೂ ಅಂಟಿಸಿ ಮೆಟ್ಟಿಲು ಮಾಡಿಕೊಂಡಿದ್ದೇವೆ. ‘ಈಗ ಸಿಟ್ಟಿನ ಹಂತ, ಆಮೇಲೆ ಸರಿಹೋಗ್ತಾಳೆ’ ಅಂತ ಯಾರ ಬಗ್ಗೆಯೂ ಹೇಳಬೇಡಿ. ನನಗೆ ಸರಿ ಅನ್ನಿಸುವುದು 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು ಹೇಳಿದ್ದು. ದುಃಖದಲ್ಲಿರುವವರು ಒಂದೇ ಕಡೆ ನಡೆಯುವುದಿಲ್ಲ. ಸ್ವಲ್ಪ ಹೊತ್ತು ಕಳೆದುಕೊಂಡದ್ದರಲ್ಲಿ ಮುಳುಗುತ್ತಾರೆ, ಸ್ವಲ್ಪ ಹೊತ್ತು ಬದುಕಿನ ಕೆಲಸಕ್ಕೆ ಮರಳುತ್ತಾರೆ, ಮತ್ತೆ ಮುಳುಗುತ್ತಾರೆ. ಆಷಾಢದ ಮಳೆಯ ಮಧ್ಯೆ ಹೊಳವಾಗುತ್ತದಲ್ಲ, ಹಾಗೆ. ಹೊಳವಾಯಿತು ಅಂತ ಮಳೆಗಾಲ ಮುಗಿದ ಹಾಗಲ್ಲ, ಮತ್ತೆ ಸುರಿಯಿತು ಅಂತ ಏನೋ ಕೆಟ್ಟಿತು ಅಂತಲೂ ಅಲ್ಲ. ಆ ತಾಯಿ ಯಾವುದೋ ಮದುವೆಯಲ್ಲಿ ನಕ್ಕರೆ ‘ಇಷ್ಟು ಬೇಗ?’ ಅನ್ನುವವರು ನಿಮ್ಮೂರಲ್ಲೂ ಇರುತ್ತಾರೆ. ಅವರ ಬಾಯಿ ಮುಚ್ಚಿಸೋದೂ ಸಂಘದ ಸೇವೆಯೇ.

ಹೇಗೆ ಸತ್ತರು ಅನ್ನೋದರ ಮೇಲೆ ದುಃಖದ ಬಣ್ಣ ಬದಲಾಗುತ್ತದೆ. 2019ರ ಸುಮಾರಿಗೆ ನಿಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ, ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಗೆ ಜನ ಸತ್ತದ್ದು ನಿಮಗೆ ನೆನಪಿರುತ್ತದೆ. ಅಂಥ ಸಾವಿನ ಮನೆಯಲ್ಲಿ ‘ದರಗು, ಒಣಎಲೆ ತರಲು ಕಾಡಿಗೆ ಹೋಗು ಅಂದಿದ್ದು ನಾನೇ’ ಅನ್ನೋ ಕೊರಗು ಉಳಿದುಬಿಡುತ್ತದೆ. ‘ನಿಮ್ಮ ತಪ್ಪಲ್ಲ’ ಅಂತ ಒಂದು ಸಲ ಹೇಳಿದರೆ ಅದು ಹೋಗೋದಿಲ್ಲ. ಅವರು ಹತ್ತು ಸಲ ಅದೇ ಕಥೆ ಹೇಳಲಿ, ಹತ್ತು ಸಲವೂ ಮೊದಲ ಸಲದ ಹಾಗೆ ಕೇಳಿ. ವಯಸ್ಸಾದವರು ಬಂದರೆ ಮಾತು ಸಾವಿನಿಂದ ಬೇರೆಲ್ಲಿಗೋ ಹೋಗಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಮನೆ, ತೋಟದ ನೆನಪು ಇನ್ನೂ ಇರುವವರು ನಿಮ್ಮ ಕಡೆ ಇದ್ದಾರೆ. ವಿಷಯ ಬಿಟ್ಟು ಹೋಗುತ್ತಿದ್ದಾರೆ ಅಂತ ತಡೆಯಬೇಡಿ. ಅವರಿಗೆ ಅದೂ ಇದೂ ಬೇರೆ ಬೇರೆ ಅಲ್ಲ.

ಆತ್ಮಹತ್ಯೆಯಾದ ಮನೆಯವರನ್ನು ನಾವು ಬೇರೆಯೇ ಸಾಲಿನಲ್ಲಿ ಕೂರಿಸುತ್ತೇವೆ. ಸಾಲ, ಎಲೆಚುಕ್ಕಿ ರೋಗಕ್ಕೆ ಹೋದ ಅಡಿಕೆ ತೋಟ, ಕುಡಿತ, ಯಾರಿಗೂ ಹೇಳದ ಖಿನ್ನತೆ, ಯಾವುದು ಎಷ್ಟು ಕಾರಣ ಅಂತ ಹೊರಗಿನವರಿಗೆ ಗೊತ್ತಾಗೋದಿಲ್ಲ. ಆದರೂ ‘ಅವರಿಗೆ ಮೋಕ್ಷ ಇಲ್ಲ’ ಅಂತ ಪಿಸುಗುಡುವವರಿಗೆ ಎಲ್ಲಾ ಗೊತ್ತಿರುತ್ತದೆ! ಕಥೋಲಿಕ ಸಭೆಯ 1992ರ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತೀವ್ರ ಮಾನಸಿಕ ವೇದನೆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಲ್ಲದು, ಹಾಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಅನ್ನುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸುತ್ತದೆ. ಅಂಥ ಮನೆಗೆ ಬೇರೆಯವರಿಗಿಂತ ಮೊದಲು ಹೋಗಿ. ಶಾಪ ಇದೆ, ದುರಾತ್ಮ ಇದೆ, ಬಿಡುಗಡೆ ಪ್ರಾರ್ಥನೆ ಮಾಡಿಸಬೇಕು ಅಂತ ಬರುವವರನ್ನು ಮಾತ್ರ ದುಃಖದ ಮನೆಯ ಹೊಸ್ತಿಲು ದಾಟಿಸಬೇಡಿ. ಈ ವಿಷಯದಲ್ಲಿ ನಾನು ನಯವಾಗಿ ಹೇಳಲಾರೆ.

ಇನ್ನೊಂದು ಗಡಿಯೂ ಇದೆ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಯವರೂ ಇಂಥ ಕೂಟಕ್ಕೆ ಬರಬಹುದು. ಬಂದರೆ ಸಂತೋಷ. ಅವರನ್ನು ಮತಕ್ಕೆ ಸೇರಿಸಿಕೊಳ್ಳುವ ಅವಕಾಶ ಅಂತ ನೋಡಬೇಡಿ. ಸಾವಿನ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಅಲ್ಲಿ ನುಗ್ಗಿ ಬೇರೆ ಕೆಲಸ ಮಾಡಿಕೊಳ್ಳೋದು ಮೋಸ.

ಡಾಕ್ಟರ್ ವಿಚಾರಕ್ಕೆ ಬರುತ್ತೇನೆ. ನಾಲ್ಕು ತಿಂಗಳಿಗೆ ಅಳೋದು, ಸಿಟ್ಟು, ಪ್ರಾರ್ಥನೆ ಬಾರದಿರೋದು ಇವು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲಿ ‘ದೀರ್ಘಕಾಲದ ಶೋಕ’ ಅನ್ನೋ ತೊಂದರೆ ಸೇರಿದೆ. ಅದನ್ನು ಗುರುತಿಸಲು ಕನಿಷ್ಠ ಆರು ತಿಂಗಳು ಕಳೆದಿರಬೇಕು. ದಿನನಿತ್ಯದ ಬದುಕೇ ನಿಂತುಹೋಗುವಷ್ಟು ತೀವ್ರವಾಗಿರಬೇಕು, ಆ ಸಮಾಜದ ರೂಢಿಗೂ ಮೀರಿರಬೇಕು. ಅಮೆರಿಕದ ಮನೋವೈದ್ಯರು ದೊಡ್ಡವರಿಗೆ ಒಂದು ವರ್ಷ ಕಾಯುತ್ತಾರೆ. ಆದರೆ ಕೆಲವು ಲಕ್ಷಣಗಳಿಗೆ ಕ್ಯಾಲೆಂಡರ್ ನೋಡಬಾರದು. ಊಟ ಬಿಟ್ಟು ದೇಹ ಇಳಿದುಹೋಗುತ್ತಿದೆ, ವಾರಗಟ್ಟಲೆ ನಿದ್ದೆ ಇಲ್ಲ, ಕುಡಿತ ಅಥವಾ ನಿದ್ದೆ ಮಾತ್ರೆ ಶುರುವಾಗಿದೆ, ‘ನಾನೂ ಅವರ ಹಿಂದೆ ಹೋಗಬೇಕು’ ಅನ್ನುತ್ತಿದ್ದಾರೆ ಅಂದರೆ ಅಂದೇ ಸಹಾಯ ತೆಗೆದುಕೊಳ್ಳಿ. ಆ ಕೊನೆಯ ಮಾತು ಬಂದಾಗ ನೇರವಾಗಿ ಕೇಳಿ, ‘ಸಾಯಬೇಕು ಅಂತ ಯೋಚನೆ ಬರುತ್ತಿದೆಯಾ?’ ಅಂತ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಡಾ. ಕಟೀಲು ಅಶೋಕ್ ಪೈ ಅವರಂಥವರು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದು ಬರೆದು ಜನರ ಭಯ ಬಿಡಿಸಿದ ಜಿಲ್ಲೆ ಇದು. ಮಾತ್ರೆ ತಗೊಂಡರೆ ನಂಬಿಕೆ ಕಮ್ಮಿ ಅಂತ ಇಲ್ಲಿ ಇನ್ನೂ ಯಾರಾದರೂ ಅಂದರೆ ಆಶ್ಚರ್ಯವೇ.

ಸರಿ, ಆ ತಾಯಿಗೆ ಈಗೇನು ಮಾಡಬೇಕು? ಕೂಟಕ್ಕೆ ಕರೆಯಲು ಹೋಗಬೇಡಿ. ಎಲೀಯನ ಕಥೆ ಗೊತ್ತಲ್ಲ, ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ. ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಬುಡದಲ್ಲಿ ಮಲಗಿದ ಪ್ರವಾದಿ ಅವನು. ದೇವದೂತ ಬಂದು ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎದ್ದು ತಿನ್ನು ಅಂದ. ತಿಂದು ಅವನು ಮತ್ತೆ ಮಲಗಿದ. ದೂತ ಬೈಯಲಿಲ್ಲ, ಎರಡನೇ ಸಲವೂ ಊಟವನ್ನೇ ಕೊಟ್ಟ. ನೀವೂ ಹಾಗೇ ಹೋಗಿ. ಅವರಿಗೆ ಹತ್ತಿರದವರು ಇಬ್ಬರು ಸಾಕು. ಒಂದು ಕ್ಯಾರಿಯರಿನಲ್ಲಿ ಗಂಜಿ, ಸ್ವಲ್ಪ ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ. ಬೈಬಲ್ ಚೀಲದಲ್ಲೇ ಇರಲಿ. ‘ಆವತ್ತು ನಿಮಗೆ ಅಲ್ಲಿ ಕೂರೋದು ಕಷ್ಟ ಆಯ್ತು, ನಮಗೆ ಗೊತ್ತಾಗಲಿಲ್ಲ’ ಅಂತ ಒಂದು ಮಾತು ಹೇಳಿ ಬಿಟ್ಟುಬಿಡಿ.

ಆಮೇಲೆ ಕಾಗದಪತ್ರ ಕೇಳಿ. ಗಂಡ ಸತ್ತ ಹೆಂಗಸರನ್ನು ರಾತ್ರಿ ಎಚ್ಚರ ಇಡುವ ಚಿಂತೆಗಳಲ್ಲಿ ಅರ್ಧ ಇದೇ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕಿತ್ತು, ಆಗಿದೆಯಾ? ಆಗಿಲ್ಲದಿದ್ದರೆ ತಡವಾಗಿಯೂ ಮಾಡಿಸಬಹುದು, ಓಡಾಟ ಜಾಸ್ತಿ ಅಷ್ಟೇ. ಜಮೀನಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಬರಲು, ಅರ್ಜಿ ಹಾಕಬೇಕು. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಸಾಲ ಎಷ್ಟಿದೆ ಅಂತ ಅವರಿಗೇ ಗೊತ್ತಿಲ್ಲದಿರಬಹುದು. ನಿಮ್ಮ ಸಂಘದಲ್ಲಿ ಈ ಓಡಾಟ ಬಲ್ಲ ಒಬ್ಬರು ಅವರ ಜೊತೆ ಒಂದು ದಿನ ನಾಡಕಚೇರಿಯ ಬೆಂಚಿನ ಮೇಲೆ ಕೂತರೆ, ಕೂಟದಲ್ಲಿ ಹೇಳಲಾಗದ್ದನ್ನು ಅವರು ಅಲ್ಲೇ ಹೇಳಿಯಾರು.

ಮೊದಲ ವರ್ಷದ ದಿನಗಳನ್ನು ಗುರುತು ಹಾಕಿಕೊಳ್ಳಿ. ಮೂವತ್ತನೇ ದಿನದ ಪೂಜೆಯವರೆಗೆ ಮನೆ ತುಂಬಾ ಜನ ಇರುತ್ತಾರೆ, ಆಮೇಲೆ ನಾಯಿ ಬೊಗಳಿದರೂ ಕೇಳುವವರಿಲ್ಲ. ತೋಟದ ಮಧ್ಯದ ಒಂಟಿ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ಮದುವೆಯಾದ ದಿನ, ಗಂಡನ ಹುಟ್ಟಿದ ದಿನ, ನವೆಂಬರ್ 2ರ ಮೃತರ ಸ್ಮರಣೆ, ಕ್ರಿಸ್‌ಮಸ್ ಇವು ಭಾರದ ದಿನಗಳು. ನವೆಂಬರ್ 2ಕ್ಕೆ ಸಮಾಧಿಯ ಸುತ್ತ ಕಳೆ ಕೀಳಲು ಒಂದು ದಿನ ಮೊದಲೇ ಹೋಗಿ, ಬರುತ್ತೀರಾ ಅಂತ ಕೇಳಿ, ಇಲ್ಲ ಅಂದರೆ ನೀವೇ ಕಿತ್ತು ಬನ್ನಿ. ಕ್ರಿಸ್‌ಮಸ್ಸಿಗೆ ಅವರ ಮನೆಯಲ್ಲಿ ಕುಸ್ವಾರ್ ತಿಂಡಿ ಮಾಡೋದಿಲ್ಲ ಅಂದರೆ ಯಾಕೆ ಅಂತ ಕೇಳಬೇಡಿ. ಮಕ್ಕಳಿಗೆ ಒಂದು ಡಬ್ಬಿ ಕಳಿಸಿ.

ಅವರು ಕೂಟಕ್ಕೆ ಯಾವಾಗ ಬರುತ್ತಾರೆ, ಬರುತ್ತಾರೋ ಇಲ್ಲವೋ ಹೇಳಲಾಗದು. ಆ ಆರು ಜನರ ಜೊತೆ ನೀವು ಮುಂದಿನ ತಿಂಗಳು ಕೂರಿ. ಒಂದು ಕುರ್ಚಿ ಹೆಚ್ಚಿಗೆ ಹಾಕಿದ್ದೇವೆ ಅಂತ ಮಾತ್ರ ಆ ತಾಯಿಗೆ ಹೇಳಿಕಳಿಸಬೇಡಿ, ಅದೂ ಒತ್ತಾಯವೇ.